ಪ್ರೆಗ್ನೆನ್ಸಿಲಿ ಬಿಪಿ ಬಂದ್ರೆ ಮಗುಗೂ ಬರುತ್ತಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನನ್ನ ಹೆಂಡ್ತಿಗೆ ಈಗ 32ನೇ ವಾರ, ಇಷ್ಟ್ ದಿನ ಬಿಪಿ ನಾರ್ಮಲ್ಲೇ ಇತ್ತು, ಈ ಸಲದ ಚೆಕಪ್ಪಲ್ಲಿ 146/94 ಬಂತು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದ್ರೂ ಹಾಗೇ ಇತ್ತು. ಯೂರಿನ್ನಲ್ಲಿ ಪ್ರೋಟೀನ್ ಇಲ್ವಂತೆ. ಲ್ಯಾಬೆಟಲಾಲ್ ಬರ್ಕೊಟ್ಟಿದಾರೆ ಆದ್ರೆ ಇವ್ಳು ಮಾತ್ರೆ ಮಗುಗೆ ಹೋಗುತ್ತೆ ಅಂತ ಮುಟ್ತಾನೇ ಇಲ್ಲ. ಹುಟ್ಟಿದ್ಮೇಲೆ ಮಗುಗೂ ಬಿಪಿ ಇರುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ, ತುಂಬಾ ಭಯ ಆಗ್ತಿದೆ.

ಉತ್ತರ 1:
ಸರ್, ಮೊದ್ಲು ಆ ಮಾತ್ರೆ ಶುರು ಮಾಡ್ಸಿ. ನನಗೂ ಬಸುರಿಲಿ ಇದೇ ಕೊಟ್ಟಿದ್ರು, ಬಸುರಿಯರಿಗೆ ಬಹಳ ವರ್ಷದಿಂದ ಕೊಡ್ತಿರೋ ಮಾತ್ರೆ ಅದು. ಉಬ್ಬಸ ಇದ್ರೆ ಮಾತ್ರ ಡಾಕ್ಟರಿಗೆ ತಿಳಿಸಿ, ಬೇರೆ ಕೊಡ್ತಾರೆ. ಮನೇಲಿ ದೊಡ್ಡೋರು ತಗೊಳ್ಳೋ ಬಿಪಿ ಮಾತ್ರೆ ಮಾತ್ರ ಕೊಡ್ಲೇಬೇಡಿ, ಎನಲಾಪ್ರಿಲ್ ಟೆಲ್ಮಿಸಾರ್ಟನ್ ಥರದ್ದು ಹೊಟ್ಟೇಲಿರೋ ಮಗು ಕಿಡ್ನಿಗೆ ಕೆಟ್ಟದ್ದು.

ಅಮ್ಮನ ಬಿಪಿ ಮಗುಗೆ ಅಂಟ್ಕೊಳಲ್ಲ. ತೊಂದ್ರೆ ಇರೋದು ಮಾಸಿನಲ್ಲಿ (ಪ್ಲಾಸೆಂಟಾ), ಅದಕ್ಕೆ ರಕ್ತ ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಮಗುಗೆ ಆಕ್ಸಿಜನ್ನು ಪೋಷಣೆ ಎರಡೂ ಕಮ್ಮಿಯಾಗಿ ತೂಕ ಏರಲ್ಲ. ಅದಕ್ಕೇ ಗ್ರೋತ್ ಸ್ಕ್ಯಾನು, ಡಾಪ್ಲರ್ (ರಕ್ತ ಹೇಗೆ ಹರೀತಿದೆ ಅಂತ ನೋಡೋ ಸ್ಕ್ಯಾನು) ಯಾವಾಗ ಅಂತ ಕೇಳಿ.

ಉತ್ತರ 2:
ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸು. ಬಿಪಿ ಇದ್ದ ತಾಯಂದಿರ ಎಷ್ಟೋ ಮಕ್ಕಳು ತಿಂಗಳು ತುಂಬಿ ಹುಟ್ಟಿ ನೇರ ಅಮ್ಮನ ಮಗ್ಗುಲಿಗೇ ಹೋಗ್ತಾವೆ, ಇದನ್ನ ಮೊದ್ಲು ನಿಮ್ಮ ಹೆಂಡ್ತಿಗೆ ಹೇಳಿ. ನಮ್ಮ ಹತ್ರ ಬರೋದು ಹೆಚ್ಚಾಗಿ ಬೇಗ ಹುಟ್ಟಿದ ಮಕ್ಕಳು, ಇಲ್ಲಾ 2.5 ಕೆಜಿಗಿಂತ ತುಂಬಾ ಕಮ್ಮಿ ಇರೋವು. ಉಸಿರಾಟಕ್ಕೆ ಸಪೋರ್ಟ್ ಬೇಕಾಗ್ಬೋದು, ಮೈ ಬೇಗ ತಣ್ಣಗಾಗುತ್ತೆ, ಶುಗರ್ ಇಳಿಯುತ್ತೆ, ಕೆಲವಕ್ಕೆ ಪ್ಲೇಟ್‌ಲೆಟ್ ಕಮ್ಮಿ ಇರುತ್ತೆ, ಅದು ಸಾಮಾನ್ಯವಾಗಿ ತಾನಾಗೇ ಸರಿಹೋಗುತ್ತೆ. ಲ್ಯಾಬೆಟಲಾಲ್ ತಗೊಂಡಿದ್ರೆ ಮಗುವಿನ ಶುಗರ್ರು, ಎದೆಬಡಿತ ಎರಡೂ ನೋಡ್ತೀವಿ, ಶುಗರ್ ನೋಡೋಕೆ ಹಿಮ್ಮಡಿ ಚುಚ್ಚಿದಾಗ ಗಾಬರಿ ಆಗ್ಬೇಡಿ. ಅಮ್ಮನಿಗೆ ಫಿಟ್ಸ್ ಬರದ ಹಾಗೆ ಮೆಗ್ನೀಸಿಯಂ ಕೊಟ್ಟಿದ್ರೆ ಮಗು ಸ್ವಲ್ಪ ಹೊತ್ತು ಮಂಕಾಗಿರ್ಬೋದು. ಈ ಮಾತ್ರೆ ತಗೊಳ್ತಾ ಹಾಲೂ ಕುಡಿಸ್ಬೋದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸಿಸ್ಟರ್, ಅವಳಿಗೆ ಓದಿ ಹೇಳ್ದೆ, ಮಾತ್ರೆ ತಗೊಂಡ್ಳು. ಬೇಗ ಡೆಲಿವರಿ ಮಾಡ್ಬಿಡ್ತಾರಾ? ಸಿಸೇರಿಯನ್ನೇ ಆಗ್ಬೇಕಾ?

ಉತ್ತರ 2:
ಬಿಪಿ ಹಿಡಿತದಲ್ಲಿದ್ದು ಮಗು ಬೆಳೀತಿದ್ರೆ ಸಾಮಾನ್ಯವಾಗಿ 37 ವಾರದವರೆಗಾದ್ರೂ ಕಾಯ್ತಾರೆ. ಬಿಪಿಗೋಸ್ಕರನೇ ಸಿಸೇರಿಯನ್ ಆಗ್ಬೇಕು ಅಂತೇನಿಲ್ಲ, ನೋವು ಬರಿಸಿ ನಾರ್ಮಲ್ಲೂ ಆಗುತ್ತೆ. 34 ವಾರಕ್ಕೆ ಮೊದ್ಲೇ ಹೆರಿಗೆ ಆಗ್ಬೋದು ಅನ್ಸಿದ್ರೆ ಮಗು ಶ್ವಾಸಕೋಶಕ್ಕೆ ಅಂತ ಅಮ್ಮನಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಅದನ್ನ ಬೇಡ ಅನ್ಬೇಡಿ.

ಉತ್ತರ 3:
ಮನೇಲಿ ಒಂದು ಬಿಪಿ ಮಷೀನ್ ಇಟ್ಕೊಳ್ಳಿ. 160/110 ಮುಟ್ಟಿದ್ರೆ, ಇಲ್ಲಾ ತಲೆನೋವು ಬಿಡ್ದೇ ಇದ್ರೆ, ಕಣ್ಣು ಮಂಜಾದ್ರೆ, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಬಂದ್ರೆ, ರಕ್ತ ಹೋದ್ರೆ, ಮಗು ಒದೆಯೋದು ಕಮ್ಮಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿನೇ ಹೊರಡಿ. ಇನ್ನೊಂದು, ಹೆರಿಗೆ ಆದ್ಮೇಲೆ ಎಲ್ರೂ ಮಗು ನೋಡ್ತಾ ಅಮ್ಮನನ್ನ ಮರ್ತುಬಿಡ್ತಾರೆ, ಆದ್ರೆ ಬಿಪಿ ಮತ್ತೆ ಏರೋದು 3ರಿಂದ 6ನೇ ದಿನದ ಹೊತ್ತಿಗೆ, ಅಷ್ಟೊತ್ತಿಗೆ ಮನೆಗೆ ಬಂದಿರ್ತೀರ. ಆವಾಗ್ಲೂ ದಿನಾ ನೋಡಿ ಬರ್ದಿಡಿ.