ಮುಟ್ಟಿನ ಕಪ್ ಕಂದಾಗಿದೆ, ಮೇಲೆ ಬಿಳಿ ಪದರ ಕಟ್ಟಿದೆ: ಇನ್ನೂ ಬಳಸಬಹುದೇ?

ಸೇಡಂ ಶಿಕ್ಷಕಿ:
ಎರಡು ವರ್ಷಗಳಿಂದ ಸಿಲಿಕೋನ್‌ನ ಮುಟ್ಟಿನ ಕಪ್ (ರಕ್ತ ಹಿಡಿಯಲು ಯೋನಿಯೊಳಗೆ ಧರಿಸುವ ಪುಟ್ಟ ಬಟ್ಟಲು) ಬಳಸುತ್ತಿದ್ದೇನೆ. ಕೊಂಡಾಗ ಹಾಲಿನ ಬಣ್ಣಕ್ಕಿದ್ದ ಅದು ಈಗ ತಳದ ಕಡ್ಡಿಯ ಬುಡದಲ್ಲಿ ಮತ್ತು ಅಂಚಿನ ಸಣ್ಣ ರಂಧ್ರಗಳ ಸುತ್ತ, ಚಹಾ ಕುಡಿದು ತೊಳೆಯದೆ ಬಿಟ್ಟ ಬಸಿಯಂತೆ ಕಂದಾಗಿದೆ. ಕುದಿಸಿ ಒಣಗಿಸಿದ ಮೇಲೆ ಪುಡಿಯಂಥ ಬಿಳಿ ಪದರವೂ ಕಾಣುತ್ತದೆ. ಉಗುರಿನಿಂದ ಕೆರೆದರೆ ಸ್ವಲ್ಪ ಬರುತ್ತದೆ. ನಮ್ಮ ಮನೆಗೆ ಬರುವುದು ಬೋರಿನ ನೀರು. ಮುಟ್ಟು ನಿಂತ ದಿನ ಕುದಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸೀರೆಗಳ ಹಿಂದೆ ಇಡುತ್ತೇನೆ, ಏಕೆಂದರೆ ಇದು ಕಣ್ಣಿಗೆ ಬೀಳುವುದು ಅತ್ತೆಯವರಿಗೆ ಇಷ್ಟವಿಲ್ಲ. ಎರಡು ತಿಂಗಳಿಂದ ಡಬ್ಬಿ ತೆರೆದರೆ ಮುಗ್ಗಲು ವಾಸನೆ ಬರುತ್ತಿದೆ. ವಾಸನೆ ಹೋಗಲೆಂದು ಗಾಯ ತೊಳೆಯುವ ಔಷಧಿಯಲ್ಲಿ ಒಮ್ಮೆ ನೆನೆಸಿದೆ. ಆ ಸಲ ಧರಿಸಿದಾಗ ಉರಿಯಾಯಿತು. ಇದನ್ನು ಬಿಸಾಡಬೇಕೇ, ಉಳಿಸಿಕೊಳ್ಳಬಹುದೇ?

ಬೀದರಿನ ಅಕ್ಕ:
ಕಂದು ಬಣ್ಣಕ್ಕೆ ಹೆದರಬೇಡಿ, ತಂಗಿ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಗಾಳಿ ತಾಗಿ ಅದು ಕಂದಾಗುತ್ತದೆ, ವರ್ಷಗಟ್ಟಲೆ ಬಳಸಿದ ಸಿಲಿಕೋನ್‌ನಲ್ಲಿ ಅದರ ಬಣ್ಣ ನಿಲ್ಲುತ್ತದೆ. ನಮ್ಮ ಬೀದರಿನ ಜಂಬಿಟ್ಟಿಗೆ ಮಣ್ಣು ಕೆಂಪಾಗಿರುವುದೂ ಕಬ್ಬಿಣದಿಂದಲೇ, ಅದನ್ನು ಕೊಳೆ ಎಂದು ಯಾರೂ ಅನ್ನುವುದಿಲ್ಲ. ನೀವು ಗಮನಿಸಬೇಕಾದದ್ದು ಬಣ್ಣವನ್ನಲ್ಲ, ಕೈಗೆ ಸಿಗುವ ಗುಣವನ್ನು. ಮುಟ್ಟಿದರೆ ಅಂಟಂಟಾಗಿದ್ದರೆ, ಎಳೆದಾಗ ಬಿರುಕು ಕಂಡರೆ, ತೊಳೆದು ಕುದಿಸಿದ ಮೇಲೂ ದುರ್ವಾಸನೆ ಉಳಿದರೆ ಹೊಸದನ್ನು ಕೊಳ್ಳಿ.

ನಾನು ಕಲಿತದ್ದು ಒಂದೇ: ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿನೀರು ಮೊದಲೇ ಬಿದ್ದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಕಲೆ ಹಿಡಿದುಕೊಳ್ಳುತ್ತದೆ. ರಕ್ತ ತಾಗಿದ ಬಟ್ಟೆಯನ್ನು ತಣ್ಣೀರಿನಲ್ಲೇ ಹಿಂಡಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದುದೂ ಇದಕ್ಕೇ. ರಂಧ್ರಗಳಿಗೆ ಸೂಜಿ ಹಾಕಬೇಡಿ. ಕಪ್ ತುಂಬ ನೀರು ತುಂಬಿ, ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಚುಕಿದರೆ ಆ ರಂಧ್ರಗಳಿಂದ ನೀರು ಚಿಮ್ಮುತ್ತದೆ, ಸಿಕ್ಕಿಕೊಂಡದ್ದು ಹೊರಬರುತ್ತದೆ.

ಕಲಬುರಗಿ ನರ್ಸ್:
ಬಿಳಿ ಪದರದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇದು ಕಪ್‌ನ ದೋಷವಲ್ಲ, ನಮ್ಮ ನೆಲದ ಗುಣ. ಸೇಡಂ, ಶಹಾಬಾದ್, ಚಿತ್ತಾಪುರದ ಕಡೆ ನೆಲದಡಿ ಇರುವುದು ಸುಣ್ಣಕಲ್ಲು. ಬೋರಿನ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕುದಿಸಿದಾಗ ಕಾರ್ಬನೇಟ್ ಆಗಿ ಕೆಳಗಿಳಿಯುತ್ತದೆ. ನಿಮ್ಮ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹೊಪ್ಪಳೆಯೂ ಇದೇ. ಮನೆಯ ಪರಸಿಯ (ನೆಲಕ್ಕೆ ಹಾಸಿದ ಸುಣ್ಣಕಲ್ಲಿನ ಚಪ್ಪಡಿಯ) ಮೇಲೆ ನಿಂಬೆರಸ ಚೆಲ್ಲಿದರೆ ಸಣ್ಣಗೆ ನೊರೆ ಎದ್ದು ಕಲ್ಲು ಮಂಕಾಗುವುದನ್ನು ನೋಡಿರುತ್ತೀರಿ. ಅದೇ ಕ್ರಿಯೆ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಒಂದು ಪಾಲು ಬಿಳಿ ವಿನೆಗರ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಮತ್ತೆ ಬರೀ ನೀರಿನಲ್ಲಿ ಕುದಿಸಿ. ಮುಂದೆ ಕುದಿಸಲು ಆರ್‌ಒ ನೀರನ್ನೇ ಬಳಸಿದರೆ ಪದರ ಅಷ್ಟಾಗಿ ಕಟ್ಟುವುದಿಲ್ಲ.

ಗಾಯ ತೊಳೆಯುವ ಔಷಧಿ, ಬ್ಲೀಚಿಂಗ್ ಪುಡಿ, ಸುವಾಸನೆಯ ಸೋಪು ಇವು ಯಾವುವೂ ಬೇಡ. ನಿಮಗಾದ ಉರಿಗೆ ಆ ಔಷಧಿಯ ಶೇಷವೇ ಕಾರಣವಿರಬಹುದು. ಉರಿ ಇನ್ನೂ ಇದ್ದರೆ ವೈದ್ಯರಿಗೆ ತೋರಿಸಿ. ಐದರಿಂದ ಹತ್ತು ನಿಮಿಷ ಕುದಿಸಿದರೆ ಸಾಕು, ಆದರೆ ನೀರು ಆರಿ ಕಪ್ ತಳಕ್ಕೆ ತಾಗಿದರೆ ಸುಟ್ಟು ಹೋಗುತ್ತದೆ. ಅದಕ್ಕೇ ನಾನು ಹಳೆಯ ಸ್ಟೀಲ್ ಚಹಾ ಜಾಲರಿಯೊಳಗೆ ಇಟ್ಟು ಪಾತ್ರೆಯಲ್ಲಿ ಮುಳುಗಿಸುತ್ತೇನೆ.

ಕಂದು ಬಣ್ಣ ತೆಗೆಯಲೇಬೇಕೆಂದಿದ್ದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮಪಾಲು ನೀರು ಬೆರೆಸಿ ಕೆಲವು ಗಂಟೆ ನೆನೆಸುವ ರೂಢಿ ಇದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 6ರದ್ದು, ಅದಕ್ಕೆ ಮೂರು ಪಾಲು ನೀರು ಬೇಕು. ಸೀಸೆಯ ಮೇಲಿನ ಅಂಕಿ ಓದದೆ ಸುರಿಯಬೇಡಿ. ನನ್ನನ್ನು ಕೇಳಿದರೆ, ಬಣ್ಣಕ್ಕಾಗಿ ಇಷ್ಟು ಕಷ್ಟ ಬೇಕಾಗಿಲ್ಲ.

ಯಾದಗಿರಿ ಹಾಸ್ಟೆಲ್:
ವಾಸನೆಗೆ ಕಾರಣ ಡಬ್ಬಿ, ಮೇಡಂ. ನಾನೂ ಬಿಗಿ ಡಬ್ಬಿಯಲ್ಲಿಟ್ಟು ಅದೇ ಪಾಡು ಪಟ್ಟೆ. ಒಳಗೆ ಉಳಿದ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಹತ್ತಿಬಟ್ಟೆಯ ಚೀಲದಲ್ಲಿಡಿ. ನಮ್ಮ ಕಡೆಯ ಬಿಸಿಲಿಗೆ ಒಂದೆರಡು ಗಂಟೆ ಸಾಕು, ಬಣ್ಣವೂ ಒಂದಿಷ್ಟು ತಿಳಿಯಾಗುತ್ತದೆ. ಮಾಳಿಗೆಯ ಮೇಲೆ ಬೇರೆಯವರಿಗೆ ಕಾಣದಂತೆ ನಾನು ತೆಳು ಕರವಸ್ತ್ರ ಹೊದಿಸುತ್ತೇನೆ.

ಸೇಡಂ ಶಿಕ್ಷಕಿ:
ಎಲ್ಲರಿಗೂ ಧನ್ಯವಾದ. ವಿನೆಗರ್ ನೀರಿನಿಂದ ಬಿಳಿ ಪದರ ಅರ್ಧ ಗಂಟೆಯಲ್ಲೇ ಬಿಟ್ಟಿತು. ಅಂಟಿಲ್ಲ, ಬಿರುಕಿಲ್ಲ, ಉರಿಯೂ ಈಗಿಲ್ಲ. ಹಾಗಾಗಿ ಕಪ್ ಉಳಿಯಿತು. ಡಬ್ಬಿಯಲ್ಲಿ ಈಗ ಗುಂಡುಸೂಜಿಗಳಿವೆ. ಕಂದು ಬಣ್ಣ ಇದ್ದಂತೆಯೇ ಇದೆ, ಇರಲಿ ಎಂದು ಬಿಟ್ಟಿದ್ದೇನೆ. ಅಡುಗೆಮನೆಯ ಜಾಲರಿ ಎಲ್ಲಿ ಹೋಯಿತೆಂದು ಅತ್ತೆಯವರು ಎರಡು ಸಲ ಕೇಳಿದರು. ನಾಳೆ ಸಂತೆಯಿಂದ ಚಹಾಕ್ಕೆ ಇನ್ನೊಂದು ತರಬೇಕು.