ಜಠರರಸದಲ್ಲಿ ಪೆಪ್ಸಿನ್ ಅಳೆಯುವಾಗ ಎದುರಾದ ಎರಡು ಗೊಂದಲಗಳು

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ):
ಮಾನ್ಯರೇ, ಎಂಡೋಸ್ಕೋಪಿಯ ವೇಳೆ ಖಾಲಿ ಹೊಟ್ಟೆಯಿಂದ ತೆಗೆದ ಜಠರರಸದಲ್ಲಿ ಪ್ರೋಟೀನ್ ಜೀರ್ಣಿಸುವ ಕಿಣ್ವವಾದ ಪೆಪ್ಸಿನ್‌ನ ಚಟುವಟಿಕೆಯನ್ನು ಹಿಮೋಗ್ಲೋಬಿನ್ ವಿಧಾನದಿಂದ (ಕಿಣ್ವ ಈ ಪ್ರೋಟೀನನ್ನು ಎಷ್ಟು ಕತ್ತರಿಸುತ್ತದೆಂದು ನೋಡಿ) ಅಳೆಯುತ್ತಿದ್ದೇನೆ. ಪಿಎಚ್ 2ರಲ್ಲಿರುವ 500 ಮೈಕ್ರೋಲೀಟರ್ ಹಿಮೋಗ್ಲೋಬಿನ್ ದ್ರಾವಣಕ್ಕೆ 100 ಮೈಕ್ರೋಲೀಟರ್ ರಸ ಸೇರಿಸಿ, 37 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ, ಕತ್ತರಿಸದ ಪ್ರೋಟೀನನ್ನು ಗಟ್ಟಿಗೊಳಿಸಿ ಕೆಳಗಿಳಿಸುತ್ತದೆ) ಹಾಕಿ ಕ್ರಿಯೆ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿದ ಮೇಲಿನ ತಿಳಿ ದ್ರವ ಎಷ್ಟು ಬೆಳಕು ಹೀರುತ್ತದೆಂದು 280 ನ್ಯಾನೋಮೀಟರ್‌ನಲ್ಲಿ ಓದುತ್ತೇನೆ. ಆಮ್ಲದಿಂದ ಕಿಣ್ವ ಹಾಳಾಗಬಾರದೆಂದು ಮೊದಲ ಎಂಟು ಮಾದರಿಗಳನ್ನು ಸೋಡಿಯಂ ಬೈಕಾರ್ಬೊನೇಟ್‌ನಿಂದ ಪಿಎಚ್ 7.5ಕ್ಕೆ ತಂದು ಫ್ರೀಜರ್‌ನಲ್ಲಿಟ್ಟಿದ್ದೆ. ಅವೆಲ್ಲವೂ ಬಹುತೇಕ ಸೊನ್ನೆ ತೋರಿಸುತ್ತಿವೆ. ಹಾಗೇ ಇಟ್ಟ ಒಂದು ಮಾದರಿಯ ಓದು 0.90 ಬಂದಿದೆ, ಆದರೆ ಅದನ್ನೇ ಹತ್ತು ಪಟ್ಟು ತೆಳುಗೊಳಿಸಿದಾಗ 0.09 ಬರುವ ಬದಲು 0.30 ಬಂದಿತು. ತಪ್ಪು ಎಲ್ಲಿದೆ?

ಉತ್ತರ 1:
ಮೊದಲ ಗೊಂದಲಕ್ಕೆ ಕಾರಣ ನಿಮ್ಮ ಬೈಕಾರ್ಬೊನೇಟ್. ಬೇರೆ ಕಿಣ್ವಗಳನ್ನು ಕಾಪಾಡುವ ತಟಸ್ಥ ಪಿಎಚ್ ಪೆಪ್ಸಿನ್‌ಗೆ ಮಾರಕ. 7 ದಾಟಿದರೆ ಅದರ ರಚನೆ ಬಿಚ್ಚಿಕೊಳ್ಳುತ್ತದೆ, ಮತ್ತೆ ಆಮ್ಲ ಹಾಕಿದರೂ ಹಳೆಯ ರೂಪಕ್ಕೆ ಮರಳುವುದಿಲ್ಲ. ಅದರ ಪೂರ್ವರೂಪವಾದ ಪೆಪ್ಸಿನೋಜನ್ ಮಾತ್ರ ಕ್ಷಾರವನ್ನು ಸಾಕಷ್ಟು ತಡೆದುಕೊಳ್ಳುತ್ತದೆ. 1886ರಲ್ಲಿ ಲ್ಯಾಂಗ್ಲಿ ಮತ್ತು ಎಡ್ಕಿನ್ಸ್ ಈ ವ್ಯತ್ಯಾಸವನ್ನೇ ಹಿಡಿದು ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಿದರು. ನಿಮ್ಮ ಎಂಟು ಮಾದರಿಗಳು ಸೊನ್ನೆ ತೋರಿಸಿವೆಯೆಂದರೆ, ಹೊಟ್ಟೆಯ ಆಮ್ಲದಲ್ಲಿ ಪೆಪ್ಸಿನೋಜನ್ ಆಗಲೇ ಪೆಪ್ಸಿನ್ ಆಗಿ, ಆ ಪೆಪ್ಸಿನ್ ನಿಮ್ಮ ಬೀಕರಿನಲ್ಲಿ ನಾಶವಾಗಿದೆ ಎಂದರ್ಥ. ಅವನ್ನು ಉಳಿಸಲು ದಾರಿಯಿಲ್ಲ. ಹಾಗೆಂದು ತೀವ್ರ ಆಮ್ಲದಲ್ಲಿ ಹೊತ್ತುಗಟ್ಟಲೆ ಬಿಡುವುದೂ ಸರಿಯಲ್ಲ, ಪೆಪ್ಸಿನ್ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಬೇಗ ಘನೀಕರಿಸಿ. ರೋಗಿ ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಸೇವಿಸುತ್ತಿದ್ದರೇ ಎಂಬುದನ್ನೂ, ತೆಗೆದಾಗಿನ ಪಿಎಚ್ ಎಷ್ಟಿತ್ತು ಎಂಬುದನ್ನೂ ಪ್ರತಿ ಮಾದರಿಯ ಜೊತೆ ಬರೆದಿಡಿ.

ಉತ್ತರ 2:
ಎರಡನೆಯ ಗೊಂದಲ ಬಹಳ ಹಳೆಯದು. 1889ರಲ್ಲಿ ಜೀರ್ಣಕ್ರಿಯೆಯನ್ನು ಅಭ್ಯಸಿಸಿದ ರಷ್ಯದ ವಿಜ್ಞಾನಿ ಪಾವ್ಲೊವ್ ಅವರ ಬಳಗದ ಮೆಟ್ ಅವರು ಸಪೂರವಾದ ಗಾಜಿನ ಕೊಳವೆಯಲ್ಲಿ ಮೊಟ್ಟೆಯ ಬಿಳಿಯನ್ನು ಗಟ್ಟಿಗೊಳಿಸಿ ರಸದಲ್ಲಿ ಮುಳುಗಿಸುತ್ತಿದ್ದರು, ಕರಗಿದ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಿದ್ದರು. 2 ಮಿಲಿಮೀಟರ್ ಬದಲು 4 ಮಿಲಿಮೀಟರ್ ಕರಗಿಸುವ ರಸದಲ್ಲಿ ಕಿಣ್ವ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಇರುತ್ತದೆಂದು ಅವರು ಲೆಕ್ಕ ಹಾಕುತ್ತಿದ್ದರು. ನಿಮ್ಮ ನಳಿಕೆಯಲ್ಲಿ ನಡೆದಿರುವುದೂ ಇದೇ ಜಾತಿಯ ಸಂಗತಿ: ತೆಳುಗೊಳಿಸದ ರಸವು ಸುಲಭವಾಗಿ ಸಿಗುವ ಹಿಮೋಗ್ಲೋಬಿನ್ ಅನ್ನು ಮೊದಲ ಕೆಲವು ನಿಮಿಷಗಳಲ್ಲೇ ಕತ್ತರಿಸಿ ಮುಗಿಸಿದೆ, ಉಳಿದ ಹೊತ್ತು ಅದರ ವೇಗ ಕುಗ್ಗಿದೆ. ನಿಮಿಷಕ್ಕೆ 0.001ರ ಏರಿಕೆಯನ್ನು ಒಂದು ಯೂನಿಟ್ ಎಂದು ಹಿಡಿದರೆ, 0.90ರಿಂದ ಮಿಲಿಲೀಟರಿಗೆ 900 ಯೂನಿಟ್ ಸಿಗುತ್ತದೆ, ಅದೇ ರಸದ 0.30ರಿಂದ 3,000. ಎರಡನೆಯದು ನಿಜಕ್ಕೆ ಹತ್ತಿರ, ಆದರೆ ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. 20 ಮತ್ತು 40 ಪಟ್ಟು ತೆಳುಗೊಳಿಸಿ, ಎರಡರಿಂದಲೂ ಒಂದೇ ಲೆಕ್ಕ ಬರುತ್ತದೆಯೇ ನೋಡಿ. ಬ್ಲ್ಯಾಂಕ್‌ಗೆ (ಹೋಲಿಕೆಗಾಗಿ ಕಳೆಯುವ ಓದಿಗೆ) ಬರೀ ನೀರು ಸಾಲದು, ಮೊದಲು ಟಿಸಿಎ ಹಾಕಿ ಆಮೇಲೆ ಅದೇ ರಸವನ್ನು ಸೇರಿಸಬೇಕು, ಏಕೆಂದರೆ ಜಠರರಸದಲ್ಲಿ ಮೊದಲೇ ಇರುವ ಸಣ್ಣ ಪೆಪ್ಟೈಡ್‌ಗಳೂ 280ರಲ್ಲಿ ಬೆಳಕು ಹೀರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬ್ಲ್ಯಾಂಕ್ ಕಳೆದ ಮೇಲೆ 20 ಪಟ್ಟಿಗೆ 0.16, 40 ಪಟ್ಟಿಗೆ 0.08 ಬಂದಿದೆ, ಎರಡರಿಂದಲೂ 3,200 ಯೂನಿಟ್ ಸಿಗುತ್ತದೆ. ಇದೇ ರಸದಲ್ಲಿ ಕೊಬ್ಬು ಒಡೆಯುವ ಕಿಣ್ವವಾದ ಲಿಪೇಸ್ ಕೂಡ ಅಳೆಯಬಹುದೇ?

ಉತ್ತರ 1 ಬರೆದವರು:
ಅಳೆಯಬಹುದು, ಆದರೆ ಈ ನಳಿಕೆಯಲ್ಲಲ್ಲ. ಜಠರದ ಲಿಪೇಸ್ ಪಿಎಚ್ 1.5ಕ್ಕಿಂತ ಕೆಳಗೆ ಬೇಗ ಸಾಯುತ್ತದೆ. ಅದನ್ನು ಟ್ರೈಬ್ಯೂಟಿರಿನ್ ಎಂಬ ಕೊಬ್ಬನ್ನು ಬಳಸಿ, ಬಿಡುಗಡೆಯಾಗುವ ಕೊಬ್ಬಿನಾಮ್ಲವನ್ನು ಪಿಎಚ್ ಅನ್ನು ಒಂದೇ ಮಟ್ಟದಲ್ಲಿಡುವ ಪಿಎಚ್-ಸ್ಟ್ಯಾಟ್ ಯಂತ್ರದಲ್ಲಿ ಕ್ಷಾರದಿಂದ ಟೈಟ್ರೇಟ್ ಮಾಡಿ ಅಳೆಯುತ್ತಾರೆ. ಹಸಿರು ಅಥವಾ ಹಳದಿ ಬಣ್ಣವಿರುವ ರಸವನ್ನು ಮಾತ್ರ ಪಕ್ಕಕ್ಕಿಡಿ. ಅದರಲ್ಲಿ ಪಿತ್ತದ ಜೊತೆ ಮೇದೋಜೀರಕ ಗ್ರಂಥಿಯ ಲಿಪೇಸ್ ಕೂಡ ಮೇಲಕ್ಕೆ ಬಂದಿರಬಹುದು.