ಭಾನುವಾರದ ಎರಡು ಗಂಟೆ, ವಾರದ ಏಳು ಗಂಟೆ

ಭಾವ (ಮೆಲ್ಬರ್ನ್): ನಮ್ಮ ಕುಟುಂಬದ ಈ ಗುಂಪಿನಲ್ಲಿ ನಾನು ಹಾಕಿರುವ ಆಸ್ಟ್ರೇಲಿಯಾದ ಸುದ್ದಿಯನ್ನು ಎಲ್ಲರೂ ಓದಬೇಕೆಂದು ಕೋರುತ್ತೇನೆ. ಅವಾರ್ಡ್‌ಗಳಲ್ಲಿರುವ, ಅಂದರೆ ಒಂದೊಂದು ಉದ್ಯಮಕ್ಕೂ ಕನಿಷ್ಠ ಕೂಲಿಯನ್ನು ನಿಗದಿಪಡಿಸುವ ಆದೇಶಗಳಲ್ಲಿರುವ ಪೆನಾಲ್ಟಿ ರೇಟ್ (ಭಾನುವಾರದಂಥ ದಿನಗಳ ಹೆಚ್ಚುವರಿ ಕೂಲಿ) ಮತ್ತು ಓವರ್‌ಟೈಮ್ ದರಗಳನ್ನು ಇನ್ನು ಮುಂದೆ ತಗ್ಗಿಸಕೂಡದೆಂದು ಲೇಬರ್ ಸರ್ಕಾರ 2025ರಲ್ಲಿ ಕಾಯ್ದೆ ಮಾಡಿತು. ಇದನ್ನು ಕಾರ್ಮಿಕರ ಗೆಲುವೆಂದು ಹೊಗಳುವವರನ್ನು, ದಿನಸಿ ಅಂಗಡಿ ನಡೆಸುವ ನಾನು ಒಂದು ಮಾತು ಕೇಳಬೇಕಿದೆ. 2017ಕ್ಕೆ ಮುಂಚೆ ಭಾನುವಾರ ನಾನು ದುಪ್ಪಟ್ಟು ಕೂಲಿ ಕೊಡುತ್ತಿದ್ದೆ. ಆಗ ಲೇಬರ್ ಪಕ್ಷದ ಅಂಗಸಂಸ್ಥೆಯೇ ಆಗಿರುವ ಅಂಗಡಿ ನೌಕರರ ಯೂನಿಯನ್ ಎಸ್‌ಡಿಎ, ನನಗಿಂತ ಸಾವಿರ ಪಾಲು ದೊಡ್ಡವರಾದ ಸೂಪರ್‌ಮಾರ್ಕೆಟ್‌ಗಳಿಗೆ ಅವಾರ್ಡ್ ಬದಲು ಅನ್ವಯಿಸುವ, ಅದಕ್ಕಿಂತ ಕಡಿಮೆ ಭಾನುವಾರದ ದರದ ಒಪ್ಪಂದಕ್ಕೆ ಸಹಿ ಹಾಕಿ ಕೊಟ್ಟಿತ್ತು. ಅಂದು ಮಾರಿದವರೇ ಇಂದು ಕಾವಲುಗಾರರಾಗಿದ್ದಾರೆ.

ತಂಗಿ (ಹಾಸನ): ಭಾವ, ನಮ್ಮ ಊರಿನ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ, ಆ ದಿನಕ್ಕೆ ಯಾರೂ ಹೆಚ್ಚು ಕೊಡುವುದಿಲ್ಲ. ಅಲ್ಲಿ ಭಾನುವಾರಕ್ಕೆ ಇಷ್ಟು ಬೆಲೆ ಏಕೆ?

ನಾನು: ಒಳ್ಳೆಯ ಪ್ರಶ್ನೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದುಪ್ಪಟ್ಟು ಕೂಲಿ ಸಿಗುವುದು ನಿಗದಿತ ಗಂಟೆಗಳನ್ನು ಮೀರಿ ದುಡಿದಾಗ. ಅದು ಯಾವ ದಿನ ಎಂಬುದು ಅಲ್ಲಿ ಮುಖ್ಯವಲ್ಲ. ಆಸ್ಟ್ರೇಲಿಯಾದಲ್ಲಿ ಮೊದಲಿನಿಂದ ಬಂದ ವಾದವೇ ಬೇರೆ. ಬ್ರೋಕನ್ ಹಿಲ್ ಗಣಿ ಕಾರ್ಮಿಕರ 1909ರ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿಗ್ಗಿನ್ಸ್ ಎರಡು ಕಾರಣಗಳನ್ನು ಕೊಟ್ಟರು. ಊರೆಲ್ಲ ಬಿಡುವಿನಲ್ಲಿರುವ ದಿನ ದುಡಿಯುವವನಿಗೆ ಆಗುವ ನಷ್ಟವನ್ನು ತುಂಬಿಕೊಡಬೇಕು ಎಂಬುದು ಒಂದು, ಮಾಲೀಕರು ಆ ದಿನ ಕೆಲಸಕ್ಕೆ ಕರೆಯಲು ಹಿಂಜರಿಯುವಂತಾಗಬೇಕು ಎಂಬುದು ಇನ್ನೊಂದು. ಎರಡನೆಯದು ಈಗ ಅಪ್ರಸ್ತುತವೆಂದು, ಅವಾರ್ಡ್‌ಗಳನ್ನು ನಿಗದಿಪಡಿಸುವ ಸ್ವತಂತ್ರ ಸಂಸ್ಥೆಯಾದ ಫೇರ್ ವರ್ಕ್ ಕಮಿಷನ್ 2017ರಲ್ಲಿ ಹೇಳಿತು. ಮೊದಲನೆಯದು ಹಾಗೆಯೇ ಉಳಿದಿದೆ, ನನ್ನ ದೃಷ್ಟಿಯಲ್ಲಿ ಉಳಿಯಲೂಬೇಕು.

ಭಾವ: ಉಳಿಯಲಿ, ಆದರೆ ಎಲ್ಲರಿಗೂ ಒಂದೇ ರೀತಿ ಉಳಿಯಲಿ. 2017ರ ಫೆಬ್ರವರಿ 23ರ ಆ ತೀರ್ಪು ಚಿಲ್ಲರೆ ಅಂಗಡಿಗಳ ಕಾಯಂ ಮತ್ತು ಪಾರ್ಟ್‌ಟೈಮ್ ನೌಕರರ ಭಾನುವಾರದ ದರವನ್ನು 200 ಪ್ರತಿಶತದಿಂದ 150ಕ್ಕೆ ಇಳಿಸಿದಾಗ ದೇಶವೇ ಹೊತ್ತಿ ಉರಿದಂತೆ ಗದ್ದಲವೆದ್ದಿತು. ಸ್ವತಂತ್ರ ಕಮಿಷನ್ ಏನು ಹೇಳಿದರೂ ಒಪ್ಪುವುದಾಗಿ 2016ರಲ್ಲಿ ಹೇಳಿದ್ದ ಆಗಿನ ಲೇಬರ್ ನಾಯಕ ಬಿಲ್ ಶಾರ್ಟನ್ ಅವರೇ ಅದನ್ನು ರದ್ದುಪಡಿಸುವುದಾಗಿ ಹೊರಟರು. ಆ ಕಮಿಷನ್ನಿನ ಕಾಯ್ದೆಯನ್ನು 2009ರಲ್ಲಿ ತಂದದ್ದೂ ಲೇಬರ್ ಸರ್ಕಾರವೇ ಅಲ್ಲವೆ?

ನಾನು: ಶಾರ್ಟನ್ ಮಾತು ಬದಲಿಸಿದ್ದು ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಎಸ್‌ಡಿಎ ಕುರಿತು ನೀವು ಹೇಳಿದ್ದೂ ನಿಜ. ಆದರೆ ಅದರಿಂದ ನೀವು ತಲುಪುವ ತೀರ್ಮಾನ, ಅಂದರೆ ಯೂನಿಯನ್ನೇ ಬಿಟ್ಟುಕೊಟ್ಟಿದ್ದರಿಂದ ಕಮಿಷನ್ ಇಳಿಸಿದ್ದರಲ್ಲಿ ತಪ್ಪಿಲ್ಲ ಎಂಬುದು, ನನಗೆ ಒಪ್ಪಿಗೆಯಿಲ್ಲ. ಎರಡು ಕಡೆಯೂ ಕಳೆದುಕೊಂಡವರು ಒಬ್ಬರೇ: ಭಾನುವಾರ ಮಾತ್ರ ದುಡಿಯಲು ಸಾಧ್ಯವಿದ್ದವರು. ಅವರನ್ನು ಎರಡು ಸಲವೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಒಪ್ಪಂದಗಳ ಕ್ರಮವನ್ನು ವಿವರಿಸುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಅವಾರ್ಡ್ ಪ್ರಕಾರ ಗಂಟೆಗೆ 20 ಡಾಲರ್, ಭಾನುವಾರ ಅದರ ದುಪ್ಪಟ್ಟು 40 ಎಂದಿಟ್ಟುಕೊಳ್ಳಿ. ಒಪ್ಪಂದದಲ್ಲಿ ಮೂಲ ಕೂಲಿಯನ್ನು 22 ಮಾಡಿ, ಭಾನುವಾರಕ್ಕೆ ಒಂದೂವರೆ ಪಟ್ಟು, ಅಂದರೆ 33 ಕೊಡುತ್ತಾರೆ. ವಾರದ ದಿನ ದುಡಿಯುವವರಿಗೆ ಗಂಟೆಗೆ 2 ಡಾಲರ್ ಲಾಭ, ಭಾನುವಾರ ದುಡಿಯುವವರಿಗೆ ಗಂಟೆಗೆ 7 ಡಾಲರ್ ನಷ್ಟ. ಭಾನುವಾರದ ಎರಡು ಗಂಟೆಯ ನಷ್ಟ ತುಂಬಲು ವಾರದ ದಿನಗಳಲ್ಲಿ ಏಳು ಗಂಟೆ ದುಡಿಯಬೇಕು. ಭಾನುವಾರ ಎಂಟು ಗಂಟೆಯ ಶಿಫ್ಟ್ ಮಾಡಿದವರು ಉಳಿದ ದಿನಗಳಲ್ಲಿ 28 ಗಂಟೆ ದುಡಿದರೆ ಮಾತ್ರ ಅವಾರ್ಡ್‌ನಷ್ಟು ಹಣ ಕೈಗೆ ಬರುತ್ತದೆ.

ತಂಗಿಯ ಮಗಳು (ಮೆಲ್ಬರ್ನ್): ಮಾವ, 2015ರಲ್ಲಿ ನಾನು ಓದಲು ಬಂದಾಗ ವಿದ್ಯಾರ್ಥಿ ವೀಸಾದ ಮಿತಿ ಎರಡು ವಾರಕ್ಕೆ 40 ಗಂಟೆಯಿತ್ತು. ವಾರಕ್ಕೆ 20 ಎಂದು ಹಿಡಿದರೆ, ಭಾನುವಾರ ಎಂಟು ಗಂಟೆ ಕಳೆದು ಉಳಿಯುವುದು 12. ನೀವು ಹೇಳುವ 28 ಗಂಟೆ ದುಡಿಯಲು ಕಾನೂನೇ ನನಗೆ ಬಿಡುತ್ತಿರಲಿಲ್ಲ. ವಾರದ ದಿನಗಳಲ್ಲಿ ತರಗತಿಗಳಿದ್ದುದರಿಂದ ಆ 12 ಗಂಟೆಯೂ ಸಿಗುತ್ತಿದ್ದದ್ದು ಅಪರೂಪ. ನಾನಿದ್ದ ಅಂಗಡಿಯಲ್ಲಿ ಒಪ್ಪಂದವಿದೆ ಎಂದಷ್ಟೇ ಹೇಳಿದ್ದರು. ಅವಾರ್ಡ್ ಎಂಬುದೊಂದಿದೆ, ಅದರಲ್ಲಿ ಭಾನುವಾರಕ್ಕೆ ಇನ್ನೂ ಹೆಚ್ಚಿದೆ ಎಂಬುದು ಕೆಲಸ ಬಿಟ್ಟ ಮೇಲೆ ತಿಳಿಯಿತು. ಅಲ್ಲಿಯವರೆಗೂ ನನ್ನ ಪೇಸ್ಲಿಪ್ ಸರಿಯಾಗಿದೆ ಎಂದೇ ನಂಬಿದ್ದೆ.

ಭಾವ: ಮಗಳೇ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಂದಗಳನ್ನು ನೌಕರರೇ ಮತ ಹಾಕಿ ಒಪ್ಪಿಕೊಂಡಿದ್ದರು. ಅದು ಪ್ರಜಾಪ್ರಭುತ್ವವಲ್ಲವೆ?

ನಾನು: ಭಾವ, ವಾರದ ದಿನ ದುಡಿಯುವ ನೂರು ಮಂದಿ, ತಮಗೆ ಎರಡು ಡಾಲರ್ ಹೆಚ್ಚು ಬರುತ್ತದೆಂದು ಮತ ಹಾಕಿದರೆ, ಅದರಿಂದ ಭಾನುವಾರದ ಹತ್ತು ಮಂದಿ ತಮ್ಮ ಏಳು ಡಾಲರ್ ಬಿಟ್ಟುಕೊಟ್ಟಂತಾಗುವುದಿಲ್ಲ. ಇದನ್ನು ತಡೆಯಲೆಂದೇ ಕಾಯ್ದೆಯಲ್ಲಿ ಒಂದು ಪರೀಕ್ಷೆಯಿದೆ. ಇಲ್ಲಿಯವರು ಬೂಟ್ ಎಂದು ಕರೆಯುವ ಆ ಪರೀಕ್ಷೆಯ ಪ್ರಕಾರ ಒಪ್ಪಂದದಿಂದ ಪ್ರತಿಯೊಬ್ಬ ನೌಕರನಿಗೂ ಅವಾರ್ಡ್‌ಗಿಂತ ಒಟ್ಟಾರೆ ಒಳಿತಾಗಬೇಕು, ಸರಾಸರಿ ನೌಕರನಿಗೆ ಆದರೆ ಸಾಲದು. ಸೂಪರ್‌ಮಾರ್ಕೆಟ್ ಕಂಪನಿ ಕೋಲ್ಸ್‌ನ 2014ರ ಒಪ್ಪಂದ ಈ ಪರೀಕ್ಷೆಯಲ್ಲಿ ಸೋತಿದೆಯೆಂದು ಕಮಿಷನ್ನಿನ ಪೂರ್ಣ ಪೀಠ 2016ರ ಮೇ 31ರಂದು ತೀರ್ಪಿತ್ತಿತು. ಮೇಲ್ಮನವಿ ತಂದವರಲ್ಲಿ ಅಲ್ಲಿಯ ಒಬ್ಬ ಸಾಮಾನ್ಯ ನೌಕರರಿದ್ದರು, ಎಸ್‌ಡಿಎ ನಾಯಕರಿರಲಿಲ್ಲ. ಎಸ್‌ಡಿಎ ಮೇಲೆ ನಂಬಿಕೆ ಕಳೆದುಕೊಂಡವರು ಅದೇ ವರ್ಷ ಬೇರೆ ಸಂಘ ಕಟ್ಟಿದರು. ಯೂನಿಯನ್ ತಪ್ಪಿದಾಗ ತಿದ್ದಿದವರೂ ದುಡಿಯುವವರೇ ಎಂಬುದನ್ನು ನೀವು ಹಾಕಿದ ಸುದ್ದಿಯ ಜೊತೆಗೆ ಸೇರಿಸಿ ಓದಬೇಕು.

ಇನ್ನು ದರ ಇಳಿದರೆ ಉದ್ಯೋಗ ಹೆಚ್ಚುತ್ತದೆ ಎಂಬ ಭರವಸೆ. ಸಣ್ಣ ವ್ಯಾಪಾರಿಗಳ ಮಂಡಳಿಯ ಮುಖ್ಯಸ್ಥರಾಗಿದ್ದ ಪೀಟರ್ ಸ್ಟ್ರಾಂಗ್ ಅವರೇ 2019ರಲ್ಲಿ, ಭಾನುವಾರ ಹೊಸ ಕೆಲಸಗಳು ಹುಟ್ಟಲಿಲ್ಲವೆಂದು ಒಪ್ಪಿಕೊಂಡರು. ನಿಮ್ಮ ಅಂಗಡಿಯಲ್ಲಿ ಭಾನುವಾರ ಎಷ್ಟು ಜನರನ್ನು ಹೆಚ್ಚಿಗೆ ಇಟ್ಟುಕೊಂಡಿರಿ, ಭಾವ?

ಭಾವ: ಯಾರನ್ನೂ ಇಟ್ಟುಕೊಳ್ಳಲಿಲ್ಲ. ಭಾನುವಾರ ನಾನೇ ಗಲ್ಲಾದಲ್ಲಿ ಕೂರುತ್ತಿದ್ದುದು ತಪ್ಪಿತು, ಅಷ್ಟೆ. ಆ ನೆಮ್ಮದಿ ನನಗೆ ದೊಡ್ಡದಾಗಿತ್ತು. ಆದರೆ ದೊಡ್ಡವರಿಗೊಂದು ದರ, ನನಗೊಂದು ದರ ಎಂಬ ನೋವನ್ನು ನೀನು ಹಗುರವಾಗಿ ದಾಟಿಬಿಟ್ಟೆ.

ನಾನು: ದಾಟಿದ್ದು ನನ್ನ ತಪ್ಪು. ಆ ನೋವು ನ್ಯಾಯವಾದದ್ದು. ಸೂಪರ್‌ಮಾರ್ಕೆಟ್ 150 ಕೊಟ್ಟು, ಅದರ ಪಕ್ಕದ ಪುಟ್ಟ ಅಂಗಡಿ 200 ಕೊಡಬೇಕಾದದ್ದು ಅನ್ಯಾಯ. ನನ್ನ ಪ್ರಕಾರ ಅದಕ್ಕೆ ಪರಿಹಾರ ಅವರನ್ನು 200ಕ್ಕೆ ಏರಿಸುವುದಾಗಿತ್ತು, ಆದರೆ ಆದದ್ದು ನಿಮ್ಮನ್ನು 150ಕ್ಕೆ ಇಳಿಸುವುದು. ಈ ಹೊಸ ಕಾಯ್ದೆಯ ಬಗ್ಗೆ ನನಗಿರುವ ಆತಂಕವೂ ಇಲ್ಲೇ ಹುಟ್ಟುತ್ತದೆ. ಅವಾರ್ಡ್‌ನ ದರವನ್ನು ಒಬ್ಬನೇ ಒಬ್ಬ ನೌಕರನಿಗೂ ನಷ್ಟವಾಗುವಂತೆ ಬದಲಿಸಬಾರದೆಂದು ಅದು ಹೇಳುತ್ತದೆ. ಸರಾಸರಿಯನ್ನು ಬಿಟ್ಟು ವ್ಯಕ್ತಿಯನ್ನು ನೋಡುವ ಆ ಮಾತು ನನಗೆ ತುಂಬ ಹಿಡಿಸಿತು. ಆದರೆ ಬೀಗ ಬಿದ್ದಿರುವುದು ಅವಾರ್ಡ್‌ನ ಬಾಗಿಲಿಗೆ ಮಾತ್ರ. ಒಪ್ಪಂದದ ಬಾಗಿಲನ್ನು ಈಗಲೂ ಕಾಯುವುದು ಬೂಟ್ ಪರೀಕ್ಷೆಯೇ. ಅದನ್ನೂ ಇದೇ ಸರ್ಕಾರ 2022ರ ತಿದ್ದುಪಡಿಯಲ್ಲಿ ಸಡಿಲಿಸಿ, ಮುಂದೆ ನಡೆಯಬಹುದೆಂದು ಸಹಜವಾಗಿ ಊಹಿಸಬಹುದಾದ ಕೆಲಸದ ವೇಳಾಪಟ್ಟಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕೆಂದಿತು. ಭಾನುವಾರ ಮಾತ್ರ ಬರುವ ವಿದ್ಯಾರ್ಥಿಯನ್ನು ಆ ಊಹೆಯೊಳಗೆ ಯಾರು ಸೇರಿಸುತ್ತಾರೆ ಎಂಬುದೇ ನನ್ನ ಪ್ರಶ್ನೆ.

ತಂಗಿಯ ಮಗಳು: ದೊಡ್ಡಪ್ಪ, ನಿಮ್ಮ ಅಂಗಡಿಯಲ್ಲಿ ಭಾನುವಾರ ಬರುವ ಆ ಇಬ್ಬರು ಹುಡುಗರು ಕ್ಯಾಶುಯಲ್, ಅಂದರೆ ಕಾಯಂ ಅಲ್ಲದ ನೌಕರರಲ್ಲವೆ? ಅವರ ದರ ಎಷ್ಟೆಂದು ಅವರಿಗೆ ಗೊತ್ತಿದೆಯೆ?

ಭಾವ: ಕ್ಯಾಶುಯಲ್‌ಗೆ ಅವಾರ್ಡ್ ಹೇಳುವ 175 ಪ್ರತಿಶತವನ್ನೇ ಕೊಡುತ್ತಿದ್ದೇನೆ. ಆದರೆ ಆ ದರದ ಪಟ್ಟಿಯನ್ನು ಅವರಿಗೆ ಎಂದೂ ತೋರಿಸಿಲ್ಲ. ನಾಳೆ ಪ್ರಿಂಟ್ ತೆಗೆದು ಗಲ್ಲಾದ ಹಿಂದಿನ ಗೋಡೆಗೆ, ರೋಸ್ಟರ್ ಪಕ್ಕದಲ್ಲಿ ಅಂಟಿಸುತ್ತೇನೆ. 2022ರ ತಿದ್ದುಪಡಿಯ ವಿಷಯ ನಾನು ಓದಿರಲಿಲ್ಲ, ಅದರ ವಿವರ ಇಲ್ಲಿ ಹಾಕು.